ಬಿಟ್ಟು ಏಳಬಹುದಾದರೆ ಹವ್ಯಾಸ, ಏಳಲಾಗದಿದ್ದರೆ ಜಾತಿ

ಹಾಸ್ಟೆಲಿನ ಗೆಳೆಯರೆ,

ಬೆಂಗಳೂರಿನಂಥ ಊರುಗಳಲ್ಲಿ ಈಗ ಒಂದು ಹೊಸ ಖಯಾಲಿ ಶುರುವಾಗಿದೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು ದಣಿದವರು ಭಾನುವಾರ ದುಡ್ಡು ಕಟ್ಟಿ ಚರ್ಮದ ಕೆಲಸ ಕಲಿಯುತ್ತಿದ್ದಾರೆ. ತೊಗಲು ಕತ್ತರಿಸುತ್ತಾರೆ, ಅಂಚು ಉಜ್ಜಿ ನಯ ಮಾಡುತ್ತಾರೆ, ಮೇಣದ ದಾರದಲ್ಲಿ ಹೊಲಿಯುತ್ತಾರೆ. ಪರ್ಸು, ಬೆಲ್ಟು, ಕೈಚೀಲ ಮಾಡಿ ಫೋಟೋ ಹಿಡಿದು ನಾಲ್ಕು ಜನಕ್ಕೆ ತೋರಿಸುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಲೆದರ್ ಕ್ರಾಫ್ಟ್. ಮನಸ್ಸಿಗೆ ನೆಮ್ಮದಿ ಸಿಗುತ್ತದಂತೆ.

ಸಿಗಲಿ. ನಮಗೇನೂ ಹೊಟ್ಟೆಕಿಚ್ಚಿಲ್ಲ. ಕೈಕೆಲಸ ಯಾರು ಕಲಿತರೂ ಒಳ್ಳೆಯದೇ. ಆದರೆ ನಾವು ಒಂದು ಪ್ರಶ್ನೆ ಕೇಳಲೇಬೇಕಾಗಿದೆ. ಅದೇ ತೊಗಲು ನಮ್ಮ ತಾತನ ಕೈಯಲ್ಲಿದ್ದಾಗ ಯಾಕೆ ಮೈಲಿಗೆಯಾಗಿತ್ತು? ಅವರ ಮನೆಯ ಮೇಜಿನ ಮೇಲೆ ಬಂದ ಕೂಡಲೇ ಹೇಗೆ ಕಲೆಯಾಯಿತು?

ಅವರ ಪೆಟ್ಟಿಗೆ ತೆಗೆದು ನೋಡಿ. ತೊಗಲು ಕೆತ್ತುವ ಕತ್ತಿ ಇದೆ; ಅದು ನಮ್ಮ ರಂಪಿಗೆಯ ನೆಂಟ. ಚುಚ್ಚುವ ಉಳಿ ಇದೆ, ಮರದ ಕೊಡತಿ ಇದೆ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಕಟ್ಟಿ, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ತೂರಿಸುತ್ತಾರೆ. ಒಂದು ಹೊಲಿಗೆ ಹರಿದರೂ ಪಕ್ಕದ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ. ಮೆಷಿನ್ ಹೊಲಿಗೆಗೆ ಈ ಗಟ್ಟಿತನ ಇಲ್ಲ. ಕಪಿಲೆಯ ತೊಗಲ ಚೀಲ, ಮಿಣಿ, ಬಾರುಕೋಲು, ತಮಟೆ, ಎಕ್ಕಡ ಇವನ್ನೆಲ್ಲ ಮಾಡಿಕೊಟ್ಟವರು ಕೈಹೊಲಿಗೆಯ ಬೆಲೆ ಪುಸ್ತಕ ಓದಿ ತಿಳಿದವರಲ್ಲ.

ಹದ ಮಾಡುವ ವಿದ್ಯೆಯೂ ಹೀಗೆಯೇ. ಹಸಿ ಚರ್ಮವನ್ನು ಹಾಗೇ ಬಿಟ್ಟರೆ ಕೊಳೆಯುತ್ತದೆ. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ತಂಗಡಿ ಚಕ್ಕೆಯ ನೀರಿನಲ್ಲಿ ವಾರಗಟ್ಟಲೆ ಇಟ್ಟರೆ ಚಕ್ಕೆಯ ಒಗರು ಚರ್ಮದ ಪ್ರೋಟೀನನ್ನು ಹಿಡಿದು ಕಟ್ಟುತ್ತದೆ. ಕೊಳೆಯುವ ವಸ್ತು ಬಾಳುವ ವಸ್ತುವಾಗುತ್ತದೆ. ಇದು ಕೆಮಿಸ್ಟ್ರಿ. ಕಾಲೇಜಿನ ಲ್ಯಾಬಿನಲ್ಲಿದ್ದರೆ ವಿಜ್ಞಾನ ಅನ್ನುತ್ತಾರೆ, ಕೇರಿಯ ತೊಟ್ಟಿಯಲ್ಲಿದ್ದರೆ ನಾತ ಅಂತ ಮೂಗು ಮುಚ್ಚುತ್ತಾರೆ.

ಈ ಹವ್ಯಾಸ ಹೆಚ್ಚು ಬೆಳೆದದ್ದು ಅಮೆರಿಕದಲ್ಲಿ. 1919ರಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಬೂಟು ರಿಪೇರಿಯವರಿಗೆ ತೊಗಲು ಮಾರಲು ಶುರುವಾದ ಟ್ಯಾಂಡಿ ಕಂಪನಿ ಮುಂದೆ ಹವ್ಯಾಸಿಗಳಿಗೆ ಉಪಕರಣ ಮಾರುವ ದೊಡ್ಡ ಕಂಪನಿಯಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರಿಗೆ ಆಸ್ಪತ್ರೆಗಳಲ್ಲಿ ಚರ್ಮದ ಕೈಕೆಲಸ ಕೊಡುತ್ತಿದ್ದರು, ಕೈ ಆಡಲಿ, ಮನಸ್ಸು ಹಗುರಾಗಲಿ ಅಂತ. ಅಲ್ಲಿ ತೊಗಲು ಔಷಧಿಯಾಯಿತು. ಪರ್ಸು ಹೊಲಿದ ಸೈನಿಕನ ಮಗನನ್ನು ಯಾರೂ ಊರಾಚೆ ಕೂರಿಸಲಿಲ್ಲ. ಬೇಸರ ಬಂದ ದಿನ ಅವನು ಸೂಜಿ ಕೆಳಗಿಟ್ಟು ಎದ್ದು ಹೋಗಬಹುದಿತ್ತು.

ವ್ಯತ್ಯಾಸ ಇರುವುದು ಇಲ್ಲೇ. ಬಿಟ್ಟು ಏಳಬಹುದಾದ ಕೆಲಸ ಹವ್ಯಾಸ. ಬಿಟ್ಟು ಎದ್ದರೆ ಹೊಡೆತ, ಮಾಡುತ್ತಾ ಕೂತರೂ ಹೊಡೆತ ಅನ್ನುವ ಕೆಲಸ ಜಾತಿ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಬಿಡಿಸಿಟ್ಟದ್ದು ಇದನ್ನೇ: ಜಾತಿ ಹಂಚುವುದು ಕೆಲಸವನ್ನಷ್ಟೇ ಅಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಅದು ಮೇಲು ಕೀಳೆಂದು ಒಡೆದು ಹಾಕುತ್ತದೆ.

2016ರ ಜುಲೈ 11ರಂದು ಗುಜರಾತಿನ ಊನಾದಲ್ಲಿ ಏನಾಯಿತು? ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ನಮ್ಮವರನ್ನು ಗೋರಕ್ಷಕರೆಂದು ಹೇಳಿಕೊಂಡವರು ಹಿಡಿದು, ಅಂಗಿ ಬಿಚ್ಚಿಸಿ, ಕಾರಿಗೆ ಕಟ್ಟಿ, ಪೇಟೆ ಬೀದಿಯಲ್ಲಿ ಬಡಿದರು. ಸತ್ತ ದನ ಎಳೆಯಿರಿ ಅಂದವರೂ ಇದೇ ಸಮಾಜದವರು, ಎಳೆದದ್ದಕ್ಕೆ ಹೊಡೆದವರೂ ಇದೇ ಸಮಾಜದವರು! ಆಗ ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿಯ ಮುಂದೆ ಸುರಿದರು. ಆಗಸ್ಟ್ 15ರಂದು ಊನಾದಲ್ಲಿ ಸೇರಿದ ಜನ ಇನ್ನು ಸತ್ತ ದನ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ ಎಂದು ಬಾಬಾಸಾಹೇಬರು ಕೊಟ್ಟ ಕರೆಗೆ ಇದು ತಡವಾಗಿ ಬಂದ ಉತ್ತರ.

ಇನ್ನೊಂದು ಕಡೆ ಸರ್ಕಾರ ಪ್ರೀತಿಯಿಂದ ಬೆನ್ನು ಸವರುತ್ತಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಚಮ್ಮಾರಿಕೆಯೂ ಒಂದು. ಉಪಕರಣಕ್ಕೆ 15,000 ರೂಪಾಯಿ, ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ. ಕಸುಬುದಾರರಿಗೆ ಸಾಲ ಸಿಗುವುದು ಬೇಡ ಅಂತ ನಾವು ಹೇಳುವುದಿಲ್ಲ. ಆದರೆ ಅದರ ನಿಯಮದಲ್ಲಿರುವ ಮಾತು 'ಕುಟುಂಬ ಆಧಾರಿತ ಸಾಂಪ್ರದಾಯಿಕ ಕಸುಬು', ವಯಸ್ಸು 18 ತುಂಬಿದ್ದರೆ ಸಾಕು. ಹದಿನೆಂಟು ಅಂದರೆ ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ವಯಸ್ಸು ಕಣ್ರಪ್ಪ! 2024ರ ನವೆಂಬರಿನಲ್ಲಿ ತಮಿಳುನಾಡು ಸರ್ಕಾರ ಈ ರೂಪದಲ್ಲಿ ಯೋಜನೆ ಬೇಡ ಎಂದು ಪತ್ರ ಬರೆದದ್ದು ಇದಕ್ಕೇ. ಆ ಜನಕ್ಕೆ ಇದರ ಹಳೆಯ ರುಚಿ ಗೊತ್ತು. 1953ರಲ್ಲಿ ಮದರಾಸಿನ ರಾಜಾಜಿ ಸರ್ಕಾರ ಶಾಲೆಯ ಹೊತ್ತು ಕಡಿತ ಮಾಡಿ, ಮಿಕ್ಕ ಹೊತ್ತು ಮಕ್ಕಳು ಅಪ್ಪನ ಕಸುಬು ಕಲಿಯಲಿ ಅಂದಿತ್ತು. ಪೆರಿಯಾರರೂ ಜನರೂ ಎದ್ದು ನಿಂತರು. 1954ರಲ್ಲಿ ಅದು ರದ್ದಾಯಿತು.

ಹಾಗಾದರೆ ನಾವು ಏನು ಮಾಡಬೇಕು? ನಮ್ಮಲ್ಲಿ ಕೆಲವರು ಅರ್ಜಿಯಲ್ಲಿ ಅಪ್ಪನ ಕಸುಬು ಬರೆಯುವ ಜಾಗ ಬಂದರೆ 'ಕೂಲಿ' ಅಂತ ಬರೆದು ಪಕ್ಕದವನಿಗೆ ಕಾಣದಂತೆ ಮುಚ್ಚುತ್ತಾರೆ. ಇನ್ನು ಕೆಲವರು ಕುಲಕಸುಬೇ ನಮ್ಮ ಹೆಮ್ಮೆ ಅಂತ ವೇದಿಕೆಯಲ್ಲಿ ಅಬ್ಬರಿಸುತ್ತಾರೆ. ಎರಡೂ ದಾರಿ ನಮ್ಮನ್ನು ಕೂರಿಸಿದಲ್ಲೇ ಕೂರಿಸುತ್ತವೆ. ನಾಚಿಕೆಪಡಬೇಕಾದವರು ಎಕ್ಕಡ ಮಾಡಿಸಿಕೊಂಡು, ಮಾಡಿದವನನ್ನು ಜಗಲಿಗೆ ಹತ್ತಿಸದವರು. ಹೆಮ್ಮೆ ಬೇಕಾದ್ದು ವಿದ್ಯೆಯ ಬಗ್ಗೆ, ಕುಲದ ಬಗ್ಗೆ ಅಲ್ಲ.

ನಿಮ್ಮಲ್ಲಿ ಯಾರಿಗಾದರೂ ಮನಸ್ಸಿದ್ದರೆ ಕಲಿಯಿರಿ. ಆದರೆ ಬೀದಿ ಬದಿಯ ಗೋಣಿಚೀಲದ ಮೇಲೆ ಕೂರಲು ಕಲಿಯಬೇಡಿ, ಮೆಷಿನ್ನನ್ನು ಆಳಲು ಕಲಿಯಿರಿ. ಟೈಲರಿಂಗ್ ಮೆಷಿನ್ನಿನಲ್ಲಿ ಬಟ್ಟೆಯನ್ನು ತಳ್ಳುವುದು ಕೆಳಗಿನ ಹಲ್ಲು ಮಾತ್ರ. ದಪ್ಪ ತೊಗಲಿನ ಎರಡು ಪದರ ಇಟ್ಟರೆ ಕೆಳಗಿನದು ಮುಂದೆ ಹೋಗಿ ಮೇಲಿನದು ಹಿಂದೆ ಉಳಿಯುತ್ತದೆ. ವಾಕಿಂಗ್ ಫುಟ್ ಎನ್ನುವ ಭಾರಿ ಮೆಷಿನ್ನಿನಲ್ಲಿ ಹಲ್ಲು, ಸೂಜಿ, ಮೇಲಿನ ಪಾದ ಮೂರೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ, ಪದರ ಜಾರುವುದಿಲ್ಲ. ಬಟ್ಟೆಯ ಸೂಜಿ ಎಳೆ ಸರಿಸಿಕೊಂಡು ಹೋಗುತ್ತದೆ, ತೊಗಲಿನ ಸೂಜಿಯ ತುದಿ ಅಲಗಿನ ಹಾಗೆ ಕೊಯ್ದುಕೊಂಡು ಹೋಗುತ್ತದೆ. ತೊಗಲಿನಲ್ಲಿ ತಪ್ಪಿ ಬಿದ್ದ ತೂತು ಮುಚ್ಚುವುದಿಲ್ಲ. ಅದಕ್ಕೇ ಒಂದೊಂದೇ ಹೊಲಿಗೆ ನಡೆಯುವ ಸರ್ವೋ ಮೋಟಾರು ಬೇಕು. ಚೀಲ, ಬೂಟು ಸುತ್ತಿಸಿ ಹೊಲಿಯಲು ಕೊಳವೆಯಂಥ ತೋಳಿರುವ ಮೆಷಿನ್ನೇ ಬೇರೆ. 15,000 ರೂಪಾಯಿಗೆ ಇಂಥ ಹೊಸ ಮೆಷಿನ್ ಬರುವುದಿಲ್ಲ. ಉಳಿ ಸುತ್ತಿಗೆ ಕೊಟ್ಟು ಕಳಿಸುವುದಲ್ಲ, ಮೆಷಿನ್ ಕೊಡಿ, ಡಿಸೈನ್ ಕಲಿಸಿ, ಲೆಕ್ಕ ಕಲಿಸಿ ಅಂತ ಕೇಳಬೇಕಾಗಿದೆ. 1976ರಲ್ಲಿ ಹುಟ್ಟಿದ ನಮ್ಮ ರಾಜ್ಯದ ಲಿಡ್ಕರ್ ನಿಗಮವನ್ನು ಕೇಳಿ. ಮದರಾಸಿನಲ್ಲಿ 1948ರಲ್ಲಿ ಶುರುವಾದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಇದೆ, ಅಣ್ಣಾ ವಿಶ್ವವಿದ್ಯಾಲಯದಲ್ಲಿ ಲೆದರ್ ಟೆಕ್ನಾಲಜಿ ಬಿ.ಟೆಕ್ ಇದೆ. ಕೇರಿಯ ತೊಟ್ಟಿಯಿಂದ ಲ್ಯಾಬಿಗೆ ಹೋಗುವ ದಾರಿಯೂ ನಮ್ಮದೇ ಆಗಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇವೆ ಅಂದರೆ, ಹೆಸರು ಮತ್ತು ಬೆಲೆ ಇರುವುದು ಅಲ್ಲಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಅಥಣಿಯ ಸಮಗಾರರು ತಲೆಮಾರುಗಳಿಂದ ಮಾಡುತ್ತ ಬಂದ ಚಪ್ಪಲಿ ಅದು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿ ತೊಡಿಸಿ ನಡೆಸಿತು. ಕೊಲ್ಹಾಪುರದ ಹೆಸರನ್ನೂ ಎತ್ತಲಿಲ್ಲ. ಇಲ್ಲಿಯವರು ಗದ್ದಲ ಎಬ್ಬಿಸಿದ ಮೇಲೆ ಅದರ ಮೂಲ ಭಾರತದ ಕೈಕಸುಬು ಎಂದು ಒಪ್ಪಿಕೊಂಡಿತು. ಗದ್ದಲ ಮಾಡದಿದ್ದರೆ ಅದೂ ಇರುತ್ತಿರಲಿಲ್ಲ.

ಗೆಳೆಯರೆ, ಭಾನುವಾರದ ಹವ್ಯಾಸಿಗಳ ಮೇಲೆ ನಮಗೆ ಜಗಳವಿಲ್ಲ. ತೊಗಲು ಮುಟ್ಟಿದ ಅವರ ಕೈ ಕೇರಿಯವರ ಕೈಯನ್ನೂ ಕುಲುಕುವುದಾದರೆ ಸಂತೋಷ. ನಮ್ಮ ಜಗಳ ಹುಟ್ಟಿನಿಂದ ಕೆಲಸ ಅಂಟಿಸುವ ವ್ಯವಸ್ಥೆಯ ಮೇಲೆ. ಅವರ ಮಗ ಡಾಕ್ಟರಾಗಿಯೂ ಪರ್ಸು ಹೊಲಿಯಬಹುದು. ನಮ್ಮ ಮಗಳೂ ಡಾಕ್ಟರಾಗಿ, ಬೇಕೆನಿಸಿದರೆ ಪರ್ಸು ಹೊಲಿಯುವಂತಾಗಬೇಕು. ಬೇಡವೆನಿಸಿದರೆ ಉಳಿ ಕೆಳಗಿಟ್ಟು ಏಳುವಂತಾಗಬೇಕು. ಆ ದಿನ ಬರುವ ತನಕ ಓದು ಬಿಡಬೇಡಿ, ಸಂಘಟನೆ ಬಿಡಬೇಡಿ.

ಜೈ ಭೀಮ್.