ಕೆಳಗಿನ ಪಟ್ಟಿ ಹೇಳಿದ ಸುಳ್ಳು

ಮಕ್ಕಳೇ, ಲಿಬ್ರೆಆಫೀಸ್ ರೈಟರ್ ತೆರೆದರೆ ಕಿಟಕಿಯ ತೀರಾ ಕೆಳಗೆ ಪುಟ ಎಷ್ಟು, ಪದ ಎಷ್ಟು ಎಂದು ತೋರಿಸುವ ಸಣ್ಣ ಪಟ್ಟಿ ಇರುತ್ತದಲ್ಲ, ಅದೇ ಸ್ಟೇಟಸ್ ಬಾರ್. ಹೇಮಗಿರಿಯ ನಮ್ಮ ಮನೆಯಲ್ಲಿ ಅದರಿಂದ ಒಂದು ರಗಳೆಯೇ ಆಯಿತು.

ರಜೆಗೆ ಬಂದ ಮೊಮ್ಮಗಳು ಅಜ್ಜಿಯ ವರ್ತನೆ ಹಾಲಿನ ಲೆಕ್ಕಕ್ಕೆಂದು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಳು. ಅದರ ಟಿಕೆ‌ಇಂಟರ್‌ನಲ್ಲಿ ಸ್ಟೇಟಸ್ ಬಾರ್ ಸಿದ್ಧವಾಗಿ ಸಿಗುವುದಿಲ್ಲವಂತೆ. ಒಂದು ಲೇಬಲ್ಲನ್ನು ಕಿಟಕಿಯ ಬುಡಕ್ಕೆ ಅಂಟಿಸಿ, ಅಗಲಕ್ಕೂ ಹರಡಬೇಕು. ಹಾಗೇ ಮಾಡಿದಳು. ಲೆಕ್ಕ ಪೆನ್‌ಡ್ರೈವ್‌ಗೆ ಹೋಗಬೇಕು. ಅಜ್ಜಿ ಲೀಟರು ಹೇಳುವುದು, ನಾನು ಗುಂಡಿ ಒತ್ತುವುದು, ಪಟ್ಟಿಯಲ್ಲಿ ‘ಉಳಿಸಲಾಗಿದೆ’ ಎಂದು ಬರುವುದು.

ಹತ್ತು ದಿನ ಬಿಟ್ಟು ನೋಡಿದರೆ ನಾಲ್ಕು ದಿನದ ಲೆಕ್ಕವೇ ಇಲ್ಲ! ಆ ದಿನಗಳಲ್ಲಿ ಪೆನ್‌ಡ್ರೈವ್ ಹಾಕುವುದನ್ನೇ ನಾನು ಮರೆತಿದ್ದೆ. ತಪ್ಪಿನ ಸುದ್ದಿ ಹಿಂದಿದ್ದ ಕಪ್ಪು ಕಿಟಕಿಗೆ ಹೋಗಿತ್ತು. ಅದನ್ನು ಯಾರು ನೋಡುತ್ತಾರೆ?

“ಉಳಿಸಲಾಗಿದೆ ಅಂತ ಬಂತಲ್ಲವ್ವ?” ಎಂದೆ.

ಅವಳು ಸಾಲುಗಳನ್ನು ಓದಿ ನಾಲಗೆ ಕಚ್ಚಿಕೊಂಡಳು. “ತಾತ, ಸಂದೇಶದ ಸಾಲು ಮೊದಲು ಬರೆದುಬಿಟ್ಟಿದೀನಿ. ಫೈಲಿಗೆ ಬರೆಯೋ ಸಾಲು ಅದರ ಕೆಳಗಿದೆ.”

ನೋಟು ಎಣಿಸುವ ಮುಂಚೆಯೇ ಚಲನ್‌ಗೆ ಮೊಹರು ಒತ್ತಿದ ಹಾಗಾಯಿತು! ಬ್ಯಾಂಕಿನಲ್ಲಿ ನಾನು ಹಾಗೆ ಮಾಡಿದ್ದರೆ ಸಂಜೆ ಕೈಯಿಂದ ಕಟ್ಟಬೇಕಿತ್ತು.

ಈಗ ಫೈಲು ಮುಚ್ಚಿದ ಮೇಲಷ್ಟೇ ‘ಉಳಿಸಲಾಗಿದೆ’. ಎಡವಿದರೆ ಎಕ್ಸೆಪ್ಟ್ ಎಂಬ ಭಾಗ ಅದೇ ಪಟ್ಟಿಯಲ್ಲಿ, ಕೆಂಪಕ್ಷರದಲ್ಲಿ, ‘ಉಳಿಯಲಿಲ್ಲ, ಪೆನ್‌ಡ್ರೈವ್ ನೋಡಿ’ ಎನ್ನುತ್ತದೆ.

ಹೋದ ನಾಲ್ಕು ದಿನದ ಲೆಕ್ಕವೇ? ಅಜ್ಜಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನವೂ ಗೀಟು ಎಳೆದಿಟ್ಟಿದ್ದಳು. ನಮಗೆ ಹೇಳಿರಲಿಲ್ಲ, ಅಷ್ಟೆ.