‘ನಿರ್ಣಯಿಸಲಾಗದು’ ಎಂದರೇನು?

“ಕೀಲುವಾತದಿಂದ ನರಳುತ್ತಿರುವ ನಮ್ಮ ಅತ್ತೆಯವರಿಗೆ ಹೊಸ ಚುಚ್ಚುಮದ್ದು ಆರಂಭಿಸುವ ಮುನ್ನ ಕ್ಷಯದ ರಕ್ತಪರೀಕ್ಷೆ ಮಾಡಿಸಿದರು. ವರದಿಯಲ್ಲಿ ರೋಗಾಣು ಇದೆಯೆಂದೂ ಇಲ್ಲ, ಇಲ್ಲವೆಂದೂ ಇಲ್ಲ, ‘ನಿರ್ಣಯಿಸಲಾಗದು’ ಎಂದಿದೆ. ಹಣ ದಂಡವಾಯಿತೇ?” ಎಂದು ಓದುಗ ಸೋದರಿಯೊಬ್ಬರು ಕೇಳಿದ್ದಾರೆ.

ದಂಡವಾಗಲಿಲ್ಲ ತಾಯಿ. ಹಾಗೆ ಒಪ್ಪಿಕೊಳ್ಳಬಲ್ಲುದೇ ಈ ಪರೀಕ್ಷೆಯ ಹೆಚ್ಚುಗಾರಿಕೆ.

ಕ್ಷಯದ ರೋಗಾಣು ದೇಹದಲ್ಲಿ ವರ್ಷಗಟ್ಟಲೆ ಸುಪ್ತವಾಗಿ ಅಡಗಿರಬಲ್ಲದು. ಆಗ ಅದು ಕಫದಲ್ಲಿ ಸಿಕ್ಕದು. ಆದುದರಿಂದ ರೋಗಾಣುವನ್ನು ಹುಡುಕುವ ಬದಲು, ಅದನ್ನು ಕಂಡ ನೆನಪು ದೇಹಕ್ಕಿದೆಯೇ ಎಂದು ವಿಚಾರಿಸುತ್ತಾರೆ. 1908ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮಾಂಟೂ ಪ್ರಕಟಿಸಿದ ಚರ್ಮಪರೀಕ್ಷೆಯ ಬಗೆಯೂ ಇದೇ. ಆದರೆ ಬಿ.ಸಿ.ಜಿ. ಹಾಕಿಸಿಕೊಂಡವರ ತೋಳು ರೋಗಾಣುವಿಲ್ಲದೆಯೂ ಊದಿಕೊಳ್ಳಬಹುದು. ರೋಗನಿರೋಧಕ ಶಕ್ತಿ ಕುಂದಿದವರ ತೋಳು ರೋಗಾಣುವಿದ್ದೂ ಊದದಿರಬಹುದು. ಮೊದಲನೆಯದು ವೃಥಾ ಭಯ, ಎರಡನೆಯದು ಪ್ರಾಣಾಪಾಯ.

ಈ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ರಕ್ತಪರೀಕ್ಷೆಯಲ್ಲಿ, ಬಿ.ಸಿ.ಜಿ.ಯಲ್ಲಿಲ್ಲದ ಕ್ಷಯಾಣುವಿನ ಪ್ರೋಟೀನುಗಳೊಡನೆ ರಕ್ತವನ್ನು ಒಂದು ರಾತ್ರಿ ಬೆಚ್ಚಗಿಡುತ್ತಾರೆ. ಬಿಳಿಯ ಕಣಗಳು ಇಂಟರ್‌ಫೆರಾನ್-ಗಾಮಾ ಎಂಬ ದ್ರವ್ಯವನ್ನು ಸ್ರವಿಸಿದರೆ ಅವು ಕ್ಷಯಾಣುವನ್ನು ಬಲ್ಲವೆಂದು ಅರ್ಥ. ಇನ್ನೊಂದು ನಳಿಕೆಯಲ್ಲಿ ಆರೋಗ್ಯವಂತ ಕಣಗಳನ್ನು ಖಂಡಿತ ಕೆರಳಿಸುವ ವಸ್ತುವನ್ನು ಇಟ್ಟಿರುತ್ತಾರೆ. ಅಲ್ಲಿಯೂ ಕಣಗಳು ಸುಮ್ಮನಿದ್ದರೆ, ಸಾಕ್ಷಿಗೆ ಮಾತೇ ಹೊರಡುತ್ತಿಲ್ಲ. ಆ ಮೌನವನ್ನು ‘ಇಲ್ಲ’ವೆಂದು ಬರೆದುಕೊಳ್ಳಲಾಗದು. ಬಹುದಿನ ಸ್ಟೀರಾಯ್ಡ್ ಸೇವಿಸಿದವರಲ್ಲಿ, ಹೆಚ್.ಐ.ವಿ. ಪೀಡಿತರಲ್ಲಿ ಹೀಗಾಗುವುದುಂಟು. ರಕ್ತ ಪ್ರಯೋಗಶಾಲೆಗೆ ತಡವಾಗಿ ತಲುಪಿದರೂ ಆಗಬಹುದು.

ಆಕ್ಸ್‌ಫರ್ಡಿನಲ್ಲಿ ಅಜಿತ್ ಲಾಲ್ವಾನಿ ಮತ್ತು ಸಂಗಡಿಗರು ಬೆಳೆಸಿದ ಇನ್ನೊಂದು ಕ್ರಮದಲ್ಲಿ ಬಿಳಿಯ ಕಣಗಳನ್ನು ಬೇರ್ಪಡಿಸಿ, ಗುಳಿಯೊಂದಕ್ಕೆ ಎರಡೂವರೆ ಲಕ್ಷದಂತೆ ಎಣಿಸಿ ಹಾಕುತ್ತಾರೆ. ರಕ್ತದಲ್ಲಿ ಕಣಗಳು ವಿರಳವಾಗಿದ್ದರೂ ಪರೀಕ್ಷೆಗೆ ಕೊರತೆಯಾಗದು. ಕಣಗಳೇ ನಿಶ್ಶಕ್ತವಾಗಿದ್ದರೆ ಮಾತ್ರ ಎಣಿಕೆಯೂ ನಿರುಪಾಯ.

ಇಷ್ಟೇಕೆ ಎಚ್ಚರ? ಇನ್‌ಫ್ಲಿಕ್ಸಿಮಾಬ್ ಎಂಬ ಇಂಥದೇ ಚುಚ್ಚುಮದ್ದು ಪಡೆದವರಲ್ಲಿ ಕಾಣಿಸಿಕೊಂಡ 70 ಕ್ಷಯ ಪ್ರಕರಣಗಳು 2001ರಲ್ಲಿ ವರದಿಯಾದವು. ಅಡಗಿದ್ದ ರೋಗಾಣುವಿಗೆ ಔಷಧವೇ ಬಾಗಿಲು ತೆರೆದಿತ್ತು.

ವೈದ್ಯರು ಮರುಪರೀಕ್ಷೆ, ಎದೆಯ ಎಕ್ಸ್‌ರೇ, ಮಾಂಟೂ ಪರೀಕ್ಷೆಗಳನ್ನು ಸೂಚಿಸಿಯಾರು, ಬೇಸರಪಡಬೇಡಿ. ಅವರು ಹೇಳುವವರೆಗೆ ಚುಚ್ಚುಮದ್ದಿಗೆ ಅವಸರವೂ ಬೇಡ. ಮನೆಯಲ್ಲಿ ಹಿಂದೆ ಯಾರಿಗಾದರೂ ಕ್ಷಯವಿದ್ದುದುಂಟೇ ಎಂಬುದನ್ನು ಅತ್ತೆಯವರನ್ನೇ ಕೇಳಿ ತಿಳಿದು ವೈದ್ಯರಿಗೆ ಹೇಳಿ. ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬಾರದೆಂಬ ಅಂಜಿಕೆಯಿಂದ ಇದನ್ನು ಮುಚ್ಚಿಡುವ ಮನೆಗಳು ಇಂದಿಗೂ ಇವೆ.