ಅತಿಥಿಯೋ, ಭಿಕ್ಷುಕನೋ?

ಹಸಿದವನಿಗೆ ಒಂದು ಹೊತ್ತು ಊಟವಿಕ್ಕಿ, ಕಲ್ಲಿನ ಮೇಲೆ ತಮ್ಮ ಹೆಸರು ಕೆತ್ತಿಸಿಕೊಳ್ಳುವ ಧರ್ಮಾತ್ಮರನ್ನು ನಾವೆಲ್ಲರೂ ಕಂಡಿದ್ದೇವೆ. ಕೂಲಿಯಲ್ಲಿ ಕತ್ತರಿಸಿದ್ದನ್ನು ಅನ್ನಸಂತರ್ಪಣೆಯಲ್ಲಿ ಚೂರು ಚೂರಾಗಿ ಹಿಂದಿರುಗಿಸುವ ಈ ವ್ಯಾಪಾರದಿಂದ ಬೇಸತ್ತ ನಮ್ಮ ಸಂಗಾತಿಗಳು, ಧರ್ಮದ ಹೆಸರೆತ್ತಿದರೆ ಸಾಕು, ಮುಖ ತಿರುಗಿಸುತ್ತಾರೆ. ಅವರ ಸಿಟ್ಟು ನ್ಯಾಯವಾದುದೇ. ಆದರೆ ಧರ್ಮದ ಹಾದಿಯಿಂದಲೇ ಬಂದು ದುಡಿಯುವವರ ಪಕ್ಕದಲ್ಲಿ ನಿಂತವರೂ ಉಂಟೆಂಬುದನ್ನು ನಾವು ಮರೆಯಬಾರದು.

ನ್ಯೂಯಾರ್ಕಿನ ಡೊರೊತಿ ಡೇ (1897–1980) ಅಂಥವರಲ್ಲೊಬ್ಬರು. ತಾರುಣ್ಯದಲ್ಲಿ ಸಮಾಜವಾದಿ ಪತ್ರಿಕೆಗಳಲ್ಲಿ ದುಡಿದು, 1927ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದ ಈಕೆ, ಫ್ರಾನ್ಸಿನ ರೈತ ಮನೆತನದ ಪೀಟರ್ ಮಾರಿನ್‌ರೊಡಗೂಡಿ 1933ರ ಮೇ 1ರಂದು ‘ಕ್ಯಾಥೊಲಿಕ್ ವರ್ಕರ್’ ಪತ್ರಿಕೆಯನ್ನು ಹೊರಡಿಸಿದರು. ಬೆಲೆ ಒಂದು ಸೆಂಟ್. ಅಮೆರಿಕದಲ್ಲಿ ನಾಲ್ವರು ದುಡಿಮೆಗಾರರಲ್ಲಿ ಒಬ್ಬನಿಗೆ ಕೆಲಸವಿಲ್ಲದಿದ್ದ ವರ್ಷವದು. ಕ್ರೈಸ್ತನ ಮನೆಯಲ್ಲಿ ಅಪರಿಚಿತನಿಗೊಂದು ಕೋಣೆ ಮೀಸಲಿರಬೇಕೆಂಬುದು ಮಾರಿನ್‌ರ ವಾದ. ಇದನ್ನು ಬರೆದು ಅವರು ಸುಮ್ಮನಾಗಲಿಲ್ಲ; ಮನೆಗಳನ್ನು ಬಾಡಿಗೆಗೆ ಹಿಡಿದು ‘ಆತಿಥ್ಯ ಗೃಹ’ಗಳನ್ನು ತೆರೆದರು.

ಅಲ್ಲಿಗೆ ಬಂದವನು ಅತಿಥಿ. ಅವನು ಕುಡುಕನೋ, ಸೋಮಾರಿಯೋ, ಯಾವ ಮತದವನೋ ಎಂಬ ವಿಚಾರಣೆಯಿಲ್ಲ. ರೊಟ್ಟಿ-ಕಾಫಿ ಕೊಟ್ಟದ್ದಕ್ಕೆ ಪ್ರತಿಯಾಗಿ ಪ್ರಾರ್ಥನೆಯ ಬಲವಂತವಿಲ್ಲ. ಬಡಿಸುವವರಿಗೆ ಸಂಬಳವೂ ಇಲ್ಲ. ಇದಕ್ಕೆಲ್ಲ ಆಧಾರ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ. ಹಸಿದವನಿಗೂ ಪರದೇಶಿಗೂ ಮಾಡಿದ್ದೆಲ್ಲ ತನಗೇ ಮಾಡಿದಂತೆ ಎಂದು ಕ್ರಿಸ್ತನು ಅಲ್ಲಿ ಹೇಳುತ್ತಾನೆ. ಪ್ರಭುವೇ ಬಾಗಿಲಿಗೆ ಬಂದ ಮೇಲೆ ಅವನ ಯೋಗ್ಯತೆಯನ್ನು ಅಳೆಯುವವರಾರು?

‘ಇದೂ ಒಂದು ಗಂಜಿ ಕೇಂದ್ರವೇ ತಾನೆ?’ ಎಂದು ಕೇಳುವವರುಂಟು. ಅಲ್ಲ. 1936ರಲ್ಲಿ ನಾವಿಕರು ಮುಷ್ಕರ ಹೂಡಿದಾಗ ಡೇ ಅವರ ಬಳಗ ಒಂದು ಮಳಿಗೆ ಹಿಡಿದು ಮುಷ್ಕರ ನಿರತರಿಗೆ ಉಣಬಡಿಸಿತು. 1949ರಲ್ಲಿ ನ್ಯೂಯಾರ್ಕಿನ ಚರ್ಚಿನ ಸ್ಮಶಾನದಲ್ಲಿ ಗುಂಡಿ ತೋಡುವವರು ಕೂಲಿಗಾಗಿ ಕೆಲಸ ನಿಲ್ಲಿಸಿದಾಗ, ಕಾರ್ಡಿನಲ್ ಸ್ಪೆಲ್ಮನ್ ಮುಷ್ಕರ ಮುರಿಯಲು ಪಾದ್ರಿ ವಿದ್ಯಾರ್ಥಿಗಳನ್ನು ಇಳಿಸಿದರು. ಡೇ ಕಾರ್ಮಿಕರ ಪರ ನಿಂತರು, ತಮ್ಮ ಧರ್ಮಗುರುವಿನ ಎದುರಿಗೇ! 1960ರಲ್ಲಿ ನಗರಾಡಳಿತವು ತಾನು ವಶಪಡಿಸಿಕೊಂಡ ಮನೆಯ ಪರಿಹಾರಕ್ಕೆ ಬಡ್ಡಿ ಸೇರಿಸಿ ಕೊಟ್ಟಾಗ, ಬಡ್ಡಿ ತಿನ್ನುವುದು ಸಲ್ಲದೆಂದು 3,579 ಡಾಲರನ್ನು ಹಿಂದಿರುಗಿಸಿದರು. ಬಡ್ಡಿಯ ಬಿಸಿ ಬಲ್ಲ ನಮ್ಮ ಸಣ್ಣ ವರ್ತಕರಿಗೆ ಈ ಮಾತಿನ ತೂಕ ತಿಳಿಯದೇ ಇರದು.

ಆತಿಥ್ಯವೊಂದರಿಂದಲೇ ಬಂಡವಾಳಶಾಹಿ ಉರುಳದು. ಕಾನೂನು ಬೇಕು, ಸಂಘ ಬೇಕು, ಹೋರಾಟ ಬೇಕೇ ಬೇಕು. ಆದರೆ ಬಾಗಿಲು ಮುಚ್ಚಿಕೊಂಡು ಹೋರಾಡಲಾಗದು.

ಇಂದು ಒಡಿಶಾ, ಬಿಹಾರಗಳಿಂದ ಕೂಲಿಗೆ ಬಂದವನು ಕೈಯಲ್ಲೊಂದು ಚೀಲ ಹಿಡಿದು ರೈಲಿನಿಂದಿಳಿದರೆ, ‘ನಮ್ಮ ಕೂಲಿ ಇಳಿಸಲು ಬಂದವನು’ ಎಂದು ನಾವು ಅವನನ್ನು ದುರುಗುಟ್ಟಿ ನೋಡುತ್ತೇವೆ. ಮಾಲೀಕನಿಗೆ ಬೇಕಾದುದೂ ಇದೇ. ಕ್ರಿಸ್ತನನ್ನು ನಂಬುವವರು ಅವನಲ್ಲಿ ಕ್ರಿಸ್ತನನ್ನು ಕಾಣಲಿ. ನಂಬದವರು ಸಂಗಾತಿಯನ್ನು ಕಾಣಲಿ. ಮೊದಲ ರಾತ್ರಿ ಅವನಿಗೊಂದು ಚಾಪೆ, ಒಂದು ತಟ್ಟೆ ಅನ್ನ ನಮ್ಮಿಂದ ಸಿಗಲಿ. ಸಂಘದ ಬಾಗಿಲು ಮುಚ್ಚಿದ್ದರೂ ಗುತ್ತಿಗೆದಾರನ ಬಾಗಿಲು ತೆರೆದೇ ಇರುತ್ತದೆ.